ಫ್ಯಾನಕ್ಕನ ಪಾಸು, ರಿಜೆಕ್ಟು

ಇಪ್ಪತ್ತೆರಡು ವರ್ಷ ಫ್ಯಾನಿನ ಕಾರ್ಖಾನೆಯಲ್ಲಿ ದುಡಿದವಳನ್ನು ಬೀದಿಯವರು ಫ್ಯಾನಕ್ಕ ಎನ್ನದೆ ಇನ್ನೇನೆಂದು ಕರೆದಾರು. ಅವಳಿಗೂ ಆ ಹೆಸರಿನ ಮೇಲೆ ತಕರಾರೇನೂ ಇರಲಿಲ್ಲ. ಹಾಲಿನವನು, ಔಷಧಿ ಅಂಗಡಿಯವನು, ಎದುರು ಮನೆಯ ಕಿವುಡು ಅಜ್ಜ, ಎಲ್ಲರಿಗೂ ಅವಳು ಫ್ಯಾನಕ್ಕನೇ. ಗಂಡ ಮಾತ್ರ ‘ಇವಳೇ’ ಎನ್ನುತ್ತಿದ್ದ.

ಕಾರ್ಖಾನೆಯಲ್ಲಿ ಕಟ್ಟಕಡೆಯ ಕೋಣೆ ಅವಳದು. ಟೇಬಲ್ ಫ್ಯಾನುಗಳು ಸಾಲಾಗಿ ಬೆಲ್ಟಿನ ಮೇಲೆ ಕೂತು, ಅಲ್ಲಿ ಇಲ್ಲಿ ಸುತ್ತಿ ಕೊನೆಗೆ ಅವಳ ಮುಂದೆ ಬಂದು ನಿಲ್ಲುತ್ತಿದ್ದವು. ಪ್ಲಗ್ಗು ಚುಚ್ಚುವುದು, ಗುಂಡಿ ಒತ್ತುವುದು, ಕಡ್ಡಿಯ ತುದಿಗೆ ಕಟ್ಟಿದ ತೆಳು ಕಾಗದದ ಚೂರೊಂದನ್ನು ಜಾಲರಿಯ ಮುಂದೆ ಹಿಡಿಯುವುದು. ಕಾಗದ ಅವಳ ಕಡೆಗೆ ಹಾರಿದರೆ ಪಾಸು. ಅದೇ ಕಾಗದ ಜಾಲರಿಗೆ ಹೋಗಿ ಅಂಟಿಕೊಂಡರೆ ಒಳಗೆ ತಂತಿ ಅದಲು ಬದಲಾಗಿದೆ, ಫ್ಯಾನು ಉಲ್ಟಾ ಸುತ್ತುತ್ತಿದೆ ಎಂದು ಅರ್ಥ. ಕೆಂಪು ಸೀಮೆಸುಣ್ಣದಲ್ಲಿ ಒಂದು ಗೀಟೆಳೆದು ‘ರಿಜೆಕ್ಟು’ ಎನ್ನುವಳು. ದಿನಕ್ಕೆ ಮುನ್ನೂರು ಫ್ಯಾನು. ಇಪ್ಪತ್ತೆರಡು ವರ್ಷಕ್ಕೆ ಎಷ್ಟಾಯಿತೆಂದು ಲೆಕ್ಕ ಹಾಕುವ ಗೋಜಿಗೆ ಅವಳು ಹೋಗಿರಲಿಲ್ಲ.

ಅವಳ ನಾದಿನಿ, ಅಂದರೆ ಗಂಡನ ತಂಗಿ, ಅದೇ ಕಾರ್ಖಾನೆಯಲ್ಲಿ ತಂತಿ ಕೂಡಿಸುವ ಮೇಜಿನಲ್ಲಿದ್ದಳು. ಒಂದು ದಿನ ನಾದಿನಿ ಕೂಡಿಸಿದ ಒಂಬತ್ತು ಫ್ಯಾನುಗಳ ಮೇಲೆ ಕೆಂಪು ಗೀಟು ಬಿತ್ತು. ಸಂಜೆ ಮನೆಗೆ ಬಂದವಳೇ ನಾದಿನಿ ಅಣ್ಣನ ಮುಂದೆ ಕೂತು ಅತ್ತಳು.

“ನಾದಿನಿ ಅಂತ ಒಂದೆರಡಾದ್ರೂ ಬಿಡಬಾರದಿತ್ತಾ?”

“ಬಿಟ್ಟಿದ್ರೆ ಅದು ಯಾರದೋ ಮನೇಲಿ ಕೂತು ಗೋಡೆಗೆ ಗಾಳಿ ಹಾಕ್ತಿತ್ತು” ಎಂದಳು ಫ್ಯಾನಕ್ಕ, ತಟ್ಟೆ ತೊಳೆಯುತ್ತ. “ಕೊಂಡವರು ಬೆವರು ಒರೆಸ್ಕೊಂಡು ಯಾರನ್ನ ಬೈಕೋಬೇಕು?”

ನಾದಿನಿ ಆರು ತಿಂಗಳು ಮಾತು ಬಿಟ್ಟಳು. ಗಂಡ ನಡುವೆ ಸಿಕ್ಕಿಕೊಂಡು ಇಬ್ಬರಿಗೂ ತಲೆಯಾಡಿಸುತ್ತ ಕಾಲ ಹಾಕಿದ. ಅವನು ದರ್ಜಿ. ಜನರ ಹೊಟ್ಟೆ ಬೆಳೆದಿದ್ದರೂ ‘ಬಟ್ಟೆ ಒಗೆದು ಕುಗ್ಗಿದೆ ಬಿಡಿ’ ಎಂದು ಸಮಾಧಾನ ಹೇಳಿ ಒಂದಿಂಚು ಬಿಚ್ಚಿ ಕೊಡುವ ಪೈಕಿ. ಹೆಂಡತಿಯಿಂದ ಮಾತ್ರ ಅಂಥ ಸಮಾಧಾನದ ಮಾತು ಯಾರಿಗೂ ಸಿಕ್ಕಿದ್ದಿಲ್ಲ. ತಪ್ಪಾದ ಪೀಸನ್ನು ತಿಳಿದೂ ತಿಳಿದೂ ಒಂದು ಸಲವೂ ಪಾಸು ಮಾಡಿಲ್ಲ ಎನ್ನುವುದು ಅವಳ ಹೆಮ್ಮೆ. ಆ ಹೆಮ್ಮೆ ಜೊತೆಯಲ್ಲಿ ಬಾಳುವವರಿಗೆ ಸ್ವಲ್ಪ ಭಾರವೇ.

ಮುಂದೆ ಕಾರ್ಖಾನೆ ಮುಚ್ಚಿತು. ಗೇಟಿಗೆ ಬೀಗ ಬಿದ್ದ ದಿನ ಅವಳು ಆ ಕಡ್ಡಿಯನ್ನೂ ಕಾಗದದ ಚೂರನ್ನೂ ಚೀಲದಲ್ಲಿ ಹಾಕಿಕೊಂಡು ಬಂದಳು. ಆಮೇಲೆ ಒಂದೂವರೆ ವರ್ಷ ಮನೆಯ ಕಿಟಕಿಯ ಪಕ್ಕ ಕೂತಳು. ಏನೂ ಮಾಡದೆ ಕೂರುವುದು ಅವಳಿಗೆ ಬರುತ್ತಿರಲಿಲ್ಲ. ಬೀದಿಯಲ್ಲಿ ಹೋಗುವವರ ಸೈಕಲ್ಲಿನ ಚಕ್ರ ಸೊಟ್ಟಗಿದೆ, ಎದುರು ಮನೆಯ ಕದ ಒಂದು ಪಕ್ಕಕ್ಕೆ ಜಗ್ಗಿದೆ ಎಂದು ಇಡೀ ಬೀದಿಯನ್ನೇ ರಿಜೆಕ್ಟು ಮಾಡುತ್ತ ಕೂತಳು. ಗಂಡನಿಗೆ ಅದನ್ನು ನೋಡಿ ಹೆದರಿಕೆಯಾಯಿತು. ಅವನೇ ಅವರಿವರಲ್ಲಿ ವಿಚಾರಿಸಿ ಹಳೆಯ ಪಿಕಪ್ ಗಾಡಿಯೊಂದನ್ನು ಗೊತ್ತು ಮಾಡಿದ. ನಲವತ್ತಾರನೆಯ ವಯಸ್ಸಿನಲ್ಲಿ ಅವಳು ಗಾಡಿ ಓಡಿಸಲು ಕಲಿತಳು. ಕಲಿಸಿದವನಿಗೇ ಗೇರು ಹಾಕುವ ರೀತಿ ತಿದ್ದಿ ಕಳಿಸಿದಳಂತೆ.

ಊರ ಹೊರಗಿನ ಹ್ಯಾಚರಿಯಲ್ಲಿ ಕೆಲಸ ಸಿಕ್ಕಿತು. ಹಿಂದಿನ ದಿನ ಮೊಟ್ಟೆಯೊಡೆದು ಬಂದ ಕೋಳಿಮರಿಗಳನ್ನು ತೂತಿರುವ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಬೆಳಗಿನ ಹೊತ್ತು ಮೂರು ಫಾರ್ಮುಗಳಿಗೆ ತಲುಪಿಸಿ ಬರುವುದು. ಒಂದು ಪೆಟ್ಟಿಗೆಗೆ ನೂರು ಮರಿ, ಒಂದು ಲೋಡಿಗೆ ಹದಿನೆಂಟು ಪೆಟ್ಟಿಗೆ. ಗಾಡಿ ಓಡುತ್ತಿದ್ದರೆ ಒಳಗೆ ಗಾಳಿಯಾಡಿ ಮರಿ ಸುಖವಾಗಿರುತ್ತದೆ. ಬಿಸಿಲಲ್ಲಿ ನಿಂತುಬಿಟ್ಟರೆ ಒಂದರ ಕಾವು ಇನ್ನೊಂದಕ್ಕೆ ತಗುಲಿ ಬಾಯಿ ಬಿಡಲು ಶುರುಮಾಡುತ್ತವೆ. ಅದಕ್ಕೇ ಹ್ಯಾಚರಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಪ್ರತಿ ಲೋಡಿನ ಜೊತೆ ಒಂದು ಚೀಟಿ ಕೊಡುತ್ತಿದ್ದರು. ದಾರಿಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಂತರೆ ಎಷ್ಟು ಹೊತ್ತು, ಯಾಕೆ, ಯಾರಿಂದ ಎಂದು ಅದರಲ್ಲಿ ಬರೆದು ವಾಪಸು ತರಬೇಕು. ಒಂದು ಗಾಡಿ ಮೂರು ಸಲ ನಿಂತರೆ ಆ ಮೂರು ಫಾರ್ಮಿನ ಸುತ್ತು ಬೇರೆ ಗಾಡಿಗೆ.

ಬೇಸಿಗೆ ಶುರುವಾದ ಮೇಲೆ ಫ್ಯಾನಕ್ಕನ ಗಾಡಿ ಎರಡು ಸಲ ನಿಂತಿತು. ಎರಡು ಸಲವೂ ಒಂದೇ ಜಾಗ: ಊರೊಳಗಿನ ರೈಲು ಗೇಟು. ಗೇಟು ಬಿದ್ದು ಕಾಯುವಾಗ ಇಂಜಿನ್ನಿನ ಕಾವು ತೋರಿಸುವ ಮುಳ್ಳು ಮೇಲೇರಿ, ಮುಂದಿನಿಂದ ಉಗಿ ಎದ್ದು, ಗಾಡಿ ಮುಷ್ಕರ ಹೂಡಿತು. ಎರಡನೆಯ ಸಲ ನಲವತ್ತು ಮರಿ ಸತ್ತವು. ಅವಳು ಪ್ರತಿಯೊಂದನ್ನೂ ಎತ್ತಿ ಬೇರೆ ಪೆಟ್ಟಿಗೆಗೆ ಹಾಕಿದಳು. ಆ ದಿನ ಮನೆಯಲ್ಲಿ ಒಲೆ ಹಚ್ಚಿದವನು ಗಂಡ.

ಹ್ಯಾಚರಿಯ ಸೂಪರ್‌ವೈಸರು ಕೆಟ್ಟವನಲ್ಲ. ಅವಳ ತಮ್ಮನ ವಯಸ್ಸಿನವನು, ಮೂಗಿನ ತುದಿಗೆ ಕನ್ನಡಕ.

“ಅಕ್ಕಾ, ಇನ್ನೊಂದು ಸಲ ನಿಂತ್ರೆ ನನ್ನ ಕೈಲಿ ಏನೂ ಇಲ್ಲ. ಗಾಡಿ ಸರಿ ಮಾಡಿಸ್ಕೊಳ್ಳಿ” ಎಂದ.

ಈ ಸುತ್ತು ಕೈತಪ್ಪಿದರೆ ಗಾಡಿ ಇಟ್ಟುಕೊಂಡು ಪ್ರಯೋಜನವಿಲ್ಲ. ಗಾಡಿ ಹೋದರೆ ಮತ್ತೆ ಅದೇ ಕಿಟಕಿ. ಅವಳಿಗೆ ರೈಲು ಗೇಟಿನ ಹೆದರಿಕೆ ಇರಲಿಲ್ಲ, ಆ ಕಿಟಕಿಯ ಹೆದರಿಕೆ ಇತ್ತು.

ಮೆಕ್ಯಾನಿಕ್ ಬಾನೆಟ್ಟು ಎತ್ತಿ ನೋಡಿ ಹೇಳಿದ್ದು ಇಷ್ಟು: ರೇಡಿಯೇಟರಿನ ಹಿಂದಿರುವ ಫ್ಯಾನು ಇಂಜಿನ್ನಿಗೇ ಕಟ್ಟಿದ್ದು. ಇಂಜಿನ್ ಜೋರಾಗಿ ಓಡಿದರೆ ಅದೂ ಜೋರು, ಇಂಜಿನ್ ತೂಕಡಿಸಿದರೆ ಅದೂ ತೂಕಡಿಕೆ. ಸಾಲದ್ದಕ್ಕೆ ಅದರ ಹಿಡಿತ ಸವೆದಿದೆ. ಈ ಮಾದರಿಯ ಗಾಡಿಗೆ ಹೊಸ ಸಾಮಾನು ಬರುವುದಿಲ್ಲ. ಬೇಕಾದರೆ ಅದನ್ನು ಕಿತ್ತು ಕರೆಂಟಿನ ಫ್ಯಾನು ಹಾಕಬಹುದು, ಬ್ಯಾಟರಿಯಿಂದ ಓಡುವುದು, ನಿಂತಾಗಲೂ ಅಷ್ಟೇ ವೇಗದಲ್ಲಿ ಸುತ್ತುವುದು. ಆದರೆ ತನಗೆ ಹದಿನೈದು ದಿನ ಬಿಡುವಿಲ್ಲ.

“ಫ್ಯಾನು ತಾನೆ?” ಎಂದಳು ಅವಳು. “ಬಿಡಿ, ನಾನೇ ಹಾಕ್ಕೋತೀನಿ.”

ಮೆಕ್ಯಾನಿಕ್ ನಕ್ಕ. ಅವನು ಹಾಗೆ ನಕ್ಕಿದ್ದೇ ಅವಳ ಹಟಕ್ಕೆ ಎಣ್ಣೆಯಾಯಿತು. ಅದೇ ಮಧ್ಯಾಹ್ನ ಗುಜರಿ ಅಂಗಡಿಗೆ ಹೋಗಿ, ಗುದ್ದಿಸಿಕೊಂಡು ಬಂದ ಸಣ್ಣ ಕಾರೊಂದರ ಫ್ಯಾನನ್ನು ಆರಿಸಿದಳು. ರೆಕ್ಕೆ ಹಿಡಿದು ಸುತ್ತಿಸಿ, ಕಿವಿಗೆ ಹತ್ತಿರ ಹಿಡಿದು, ಬೇರಿಂಗಿನ ಸದ್ದು ಕೇಳಿ ಮೂರನ್ನು ಪಕ್ಕಕ್ಕಿಟ್ಟು ನಾಲ್ಕನೆಯದನ್ನು ತೆಗೆದುಕೊಂಡಳು. ಗುಜರಿಯವನು ತಂತಿಯನ್ನು ಬುಡದಲ್ಲೇ ಕತ್ತರಿಸಿದ್ದ. ಉಳಿದದ್ದು ಎರಡು ಕಪ್ಪು ಬಾಲಗಳು. ಯಾವುದು ಪ್ಲಸ್ಸು, ಯಾವುದು ಮೈನಸ್ಸು ಎಂದು ನೋಡಿ ಹೇಳುವಂತಿರಲಿಲ್ಲ, ಅದಲು ಬದಲಾದರೆ ಫ್ಯಾನು ಉಲ್ಟಾ ಸುತ್ತುತ್ತದೆ.

ಭಾನುವಾರ ಲೋಡು ಇರುವುದಿಲ್ಲ. ಆ ದಿನ ಬೆಳಗ್ಗೆಯೇ ಮನೆಯ ಮುಂದಿನ ಅಂಗಳದಲ್ಲಿ ಗಾಡಿಯ ಬಾಯಿ ತೆರೆಯಿತು. ಗಂಡ ಅಂಗಡಿ ಮುಚ್ಚಿ ಸಹಾಯಕ್ಕೆ ನಿಂತ. ಸಹಾಯಕ್ಕೆ ಎಂದರೆ ಕೇಳಿದ್ದನ್ನು ಕೇಳಿದಾಗ ಕೊಡುವುದಕ್ಕೆ.

ಮೊದಲು ಬ್ಯಾಟರಿಯ ತಂತಿ ಬಿಚ್ಚಿದರು. ಆಮೇಲೆ ಹಳೆಯ ಫ್ಯಾನಿನ ಸುತ್ತಲಿದ್ದ ಪ್ಲಾಸ್ಟಿಕ್ ಗೂಡು, ಆಮೇಲೆ ನಾಲ್ಕು ಬೋಲ್ಟು. ಮೂರು ಬೋಲ್ಟು ಮರ್ಯಾದೆಯಿಂದ ಬಂದವು. ನಾಲ್ಕನೆಯದು ಒಂದು ಗಂಟೆ ತೆಗೆದುಕೊಂಡಿತು, ಜೊತೆಗೆ ಅವಳ ಹೆಬ್ಬೆರಳಿನ ಚರ್ಮವನ್ನೂ. ಹಳೆಯ ಫ್ಯಾನು ಹೊರಗೆ ಬಂದಾಗ ರೇಡಿಯೇಟರಿನ ಹಿಂದೆ ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ಖಾಲಿ ಜಾಗ ಕಂಡಿತು.

“ಅಳತೆ ತಗೊಳ್ಳಿ” ಎಂದಳು.

ಇದು ಅವನ ಸೀಮೆ. ಕೊರಳಲ್ಲಿದ್ದ ಟೇಪು ತೆಗೆದು ಉದ್ದ, ಅಗಲ, ಇಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಸಂದು ಎಲ್ಲ ಅಳೆದ. ಬರೀ ಅಳತೆ ಸಾಲದೆಂದು ರಟ್ಟಿನಲ್ಲಿ ಮಾದರಿಯನ್ನೇ ಕತ್ತರಿಸಿದ, ಅಂಗಿಯ ಕಾಲರು ಕತ್ತರಿಸುವಷ್ಟು ನಾಜೂಕಾಗಿ. ಆ ರಟ್ಟಿನ ಮೇಲಿಟ್ಟು ಅವಳು ಅಲ್ಯೂಮಿನಿಯಂ ಪಟ್ಟಿ ಕೊಯ್ದು ತೂತು ಕೊರೆದಳು. ಫ್ಯಾನಿನ ಭಾರ ರೇಡಿಯೇಟರಿನ ತೆಳು ರೆಕ್ಕೆಗಳ ಮೇಲೆ ಬೀಳಬಾರದು, ಅದು ಗಾಡಿಯ ಚೌಕಟ್ಟಿನ ಮೇಲೆ ನಿಲ್ಲಬೇಕು, ನಡುವೆ ಅದುರಾಟ ಹೀರಲು ರಬ್ಬರು ಬೇಕು. ರಬ್ಬರಿಗೆ ಗಂಡನ ಹಳೆಯ ಚಪ್ಪಲಿ ಬಲಿಯಾಯಿತು.

“ಇನ್ನೂ ಒಂದು ವರ್ಷ ಬರ್ತಿತ್ತು ಕಣೇ ಅದು.”

“ಈಗ ಹತ್ತು ವರ್ಷ ಬರುತ್ತೆ.”

ವೈರಿಂಗು ಮಧ್ಯಾಹ್ನದ ಮೇಲೆ. ಬ್ಯಾಟರಿಯಿಂದ ದಪ್ಪ ತಂತಿ, ನಡುವೆ ಒಂದು ಫ್ಯೂಸು. ಅಲ್ಲಿಂದ ರಿಲೇ, ಅಂದರೆ ಸಣ್ಣ ಕರೆಂಟು ಬಂದು ತಟ್ಟಿದರೆ ದೊಡ್ಡ ಕರೆಂಟಿಗೆ ಬಾಗಿಲು ತೆಗೆಯುವ ಪುಟ್ಟ ಡಬ್ಬಿ. ಆ ಡಬ್ಬಿಯನ್ನು ತಟ್ಟುವುದು ಬಿಸಿ ನೀರಿನ ಪೈಪಿನಲ್ಲಿ ಕೂತ ಒಂದು ಸ್ವಿಚ್ಚು. ನೀರು ಇಂತಿಷ್ಟು ಕಾದರೆ ತಾನೇ ಹಾಕಿಕೊಳ್ಳುತ್ತದೆ, ತಣಿದರೆ ತಾನೇ ಆರಿಸಿಕೊಳ್ಳುತ್ತದೆ. ಅವಳು ತಂತಿಗೆ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಬೆಸೆದು, ಮೇಲೆ ಟೇಪು ಸುತ್ತಿ, ಎಲ್ಲೂ ಉಜ್ಜದ ಹಾಗೆ ಕಟ್ಟಿದಳು. ಗಾಡಿಯ ಮೈಗೆ ಕೊಡುವ ಅರ್ಥಿಂಗ್ ತಂತಿಯ ಬುಡದಲ್ಲಿ ಬಣ್ಣ ಕೆರೆದು ಲೋಹ ಹೊಳೆಯುವ ತನಕ ತಿಕ್ಕಿದಳು. ಕೆಲಸ ಅಚ್ಚುಕಟ್ಟೆಂದರೆ ಅಚ್ಚುಕಟ್ಟು. ಅದರಲ್ಲಿ ಕೊಂಕು ತೆಗೆಯಲು ಅವಳಂಥವಳೇ ಇನ್ನೊಬ್ಬಳು ಬರಬೇಕಿತ್ತು. ಫ್ಯಾನಿನ ಎರಡು ಕಪ್ಪು ಬಾಲಗಳಿಗೆ ಮಾತ್ರ ಚುಚ್ಚಿ ಕೀಳುವ ಪಿನ್ನು ಹಾಕಿದಳು. ಯಾವುದು ಯಾವುದೆಂದು ಓಡಿಸಿ ನೋಡಿಯೇ ತಿಳಿಯಬೇಕಿತ್ತು.

ಗಾಡಿ ಶುರುವಾಯಿತು. ನೀರು ಕಾಯಿತು. ಡಬ್ಬಿ ಟಕ್ಕೆಂದಿತು, ಫ್ಯಾನು ಸುತ್ತತೊಡಗಿತು. ಅವಳು ಒಳಗೆ ಹೋಗಿ ಕಪಾಟಿನಿಂದ ಕಡ್ಡಿ ತಂದಳು. ಅದರ ತುದಿಯಲ್ಲಿ ಅದೇ ಕಾಗದದ ಚೂರು, ಹಳದಿಯಾಗಿತ್ತು ಅಷ್ಟೆ. ಗಾಡಿಯ ಎದುರು ನೆಟ್ಟಗೆ ನಿಂತು, ಕೈ ಚಾಚಿ, ಮುಂದಿನ ಜಾಲರಿಗೆ ಹಿಡಿದಳು. ಅವಳ ಬೆನ್ನು ತಾನಾಗಿ ನೇರವಾದದ್ದನ್ನು ಗಂಡ ಗಮನಿಸಿದ. ಒಂದೂವರೆ ವರ್ಷ ಕಿಟಕಿ, ಒಂದು ವರ್ಷ ಗಾಡಿ, ಇಷ್ಟಾದ ಮೇಲೆ ಅವಳು ಅವತ್ತು ಮತ್ತೆ ತನ್ನ ಕೋಣೆಯಲ್ಲಿದ್ದಳು.

ಕಾಗದ ಹೋಗಿ ಜಾಲರಿಗೆ ಅಂಟಿಕೊಂಡಿತು.

“ರಿಜೆಕ್ಟು” ಎಂದಳು.

ಗಂಡ ತಲೆ ಕೆರೆದುಕೊಂಡ. “ಅಲ್ಲ ಕಣೇ, ಗಾಡಿ ಓಡುವಾಗ ಗಾಳಿ ಮುಂದಿಂದ ಒಳಗೆ ತಾನೆ ಬರೋದು? ಫ್ಯಾನೂ ಒಳಗೇ ಎಳೀತಿದೆ. ಇದೇ ಸರಿ ಅನ್ಸುತ್ತೆ ನಂಗೆ.”

“ನಿಮ್ಮ ಹೊಲಿಗೆ ಮಿಶಿನ್ನಿಗೆ ನಾನು ಯಾವತ್ತಾದ್ರೂ ಬಾಯಿ ಹಾಕಿದ್ದೀನಾ?”

“ಇಲ್ಲ.”

“ಮತ್ತೆ?”

ಅವಳು ಪಿನ್ನು ಎರಡನ್ನೂ ಕಿತ್ತು ಅದಲು ಬದಲು ಮಾಡಿದಳು. ಈ ಸಲ ಕಾಗದ ಅವಳ ಮುಖದ ಕಡೆಗೆ ಪಟಪಟ ಹಾರಿತು. ಪಾಸು. ಇಪ್ಪತ್ತೆರಡು ವರ್ಷದ ಅಭ್ಯಾಸ ಅವಳ ಕೈ ಹಿಡಿದು ಮಾಡಿಸಿದ ತಪ್ಪು ಅದು. ಫ್ಯಾನು ಗೊತ್ತಿಲ್ಲದವರು ಯಾರೇ ಆಗಿದ್ದರೂ ಆ ತಪ್ಪು ಮಾಡುತ್ತಿರಲಿಲ್ಲ.

ಗಾಡಿಯನ್ನು ಅಂಗಳದಲ್ಲೇ ಅರ್ಧ ಗಂಟೆ ಓಡಲು ಬಿಟ್ಟರು. ಸಂಜೆಯ ತಂಪು, ನಿಂತ ಗಾಡಿ. ಫ್ಯಾನು ಎತ್ತ ಊದಿದರೂ ರೇಡಿಯೇಟರಿಗೆ ಒಂದಿಷ್ಟು ಗಾಳಿ ತಾಗುತ್ತಲೇ ಇತ್ತು. ಮುಳ್ಳು ನಡುವಿನಲ್ಲಿ ಅಲ್ಲಾಡದೆ ನಿಂತಿತು. ಫ್ಯಾನಕ್ಕ ಅವತ್ತು ಎರಡು ತುತ್ತು ಹೆಚ್ಚಿಗೆ ಉಂಡಳು.

ಸೋಮವಾರ ಲೋಡು ಹೊರಟಾಗ ಗಂಡನೂ ಜೊತೆಗೆ ಹತ್ತಿದ. ಅಂಗಡಿಯಲ್ಲಿ ಕೆಲಸವಿಲ್ಲ ಎಂದ. ಅದು ಸುಳ್ಳು, ಕತ್ತರಿಸಿಟ್ಟ ನಾಲ್ಕು ಅಂಗಿ ಹೊಲಿಯುವುದಿತ್ತು. ಕಾಲ ಬಳಿ ನೀರಿನ ಕ್ಯಾನೊಂದನ್ನು ಇಟ್ಟುಕೊಂಡಿದ್ದ. ಅವಳು ಕ್ಯಾನನ್ನು ನೋಡಿ ಗೇರು ಹಾಕಿದಳು.

ರೈಲು ಗೇಟು ಬಿದ್ದಿತ್ತು. ಹನ್ನೆರಡು ನಿಮಿಷ ಕಾದರು. ಅದೇನು ಹತ್ತು ನಿಮಿಷದ ಲೆಕ್ಕಕ್ಕೆ ಬರುವುದಿಲ್ಲ, ಗೇಟಿನ ಕಾಯುವಿಕೆಗೆ ವಿನಾಯಿತಿ ಉಂಟು, ಗಾಡಿ ಕೆಟ್ಟು ನಿಂತರಷ್ಟೇ ಲೆಕ್ಕ. ಮುಳ್ಳು ಒಂದಿಷ್ಟು ಏರಿತು, ಫ್ಯಾನು ಟಕ್ಕೆಂದು ಶುರುವಾಯಿತು, ಮುಳ್ಳು ಇಳಿಯಿತು. ಅವಳು ಗಂಡನ ಕಡೆ ತಿರುಗಿಯೂ ನೋಡಲಿಲ್ಲ, ಆದರೆ ಅವಳ ಕತ್ತಿನಲ್ಲಿ ಒಂದು ಬಿಗುಮಾನ ಕಂಡಿತು.

ಊರು ದಾಟಿ ಏರು ರಸ್ತೆಗೆ ಬಂದ ಮೇಲೆ ಎಡವಟ್ಟು ಶುರುವಾಯಿತು. ಗಾಡಿ ವೇಗ ಹಿಡಿದಂತೆಲ್ಲ ಮುಳ್ಳು ಏರತೊಡಗಿತು. ವೇಗ ತಗ್ಗಿಸಿದರೆ ಸ್ವಲ್ಪ ಇಳಿಯುವುದು, ಮತ್ತೆ ವೇಗ ಹಿಡಿದರೆ ಮತ್ತೆ ಏರುವುದು. ಹಿಂದೆಲ್ಲ ನಿಂತಾಗ ಕಾದು ಓಡಿದಾಗ ತಣ್ಣಗಾಗುತ್ತಿದ್ದ ಗಾಡಿ ಈಗ ಓಡಿದಾಗ ಕಾಯುತ್ತಿತ್ತು. ಅವಳು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಮೂರು ಕಿಲೋಮೀಟರು ಹಾಗೇ ಎಳೆದಳು. ಮುಳ್ಳು ಕೆಂಪು ಮುಟ್ಟಿದಾಗ ರಸ್ತೆಯ ಪಕ್ಕಕ್ಕೆ ಒಯ್ದು ನಿಲ್ಲಿಸಿ ಇಂಜಿನ್ ಆರಿಸಿದಳು.

ಗಾಡಿಯ ಸದ್ದು ನಿಂತೊಡನೆ ಮರಿಗಳ ಸದ್ದು ಕೇಳಿತು. ಸಾವಿರದ ಎಂಟುನೂರು ಕೊರಳು. ಇದು ಮೂರನೆಯ ಸಲ.

ಗಂಡ ಆಗಲೇ ಇಳಿದು ಹಿಂದಿನ ಟಾರ್ಪಾಲು ಎತ್ತಿ ಕಟ್ಟುತ್ತಿದ್ದ. ನಿನ್ನೆಯ ರಟ್ಟಿನ ಮಾದರಿ ಸೀಟಿನ ಹಿಂದೆ ಬಿದ್ದಿತ್ತು. ಅದನ್ನೇ ತೆಗೆದುಕೊಂಡು ಪೆಟ್ಟಿಗೆಗಳ ಸಾಲಿಗೆ ಬೀಸಲು ನಿಂತ.

ಅವಳು ಮುಂದೆ ಹೋಗಿ ಬಾನೆಟ್ಟು ಎತ್ತಿದಳು. ಇಂಜಿನ್ ಆರಿದ್ದರೂ ನೀರು ಕಾದಿದ್ದರಿಂದ ಫ್ಯಾನು ಇನ್ನೂ ಸುತ್ತುತ್ತಿತ್ತು. ತಂತಿ ಸುಟ್ಟಿರಲಿಲ್ಲ, ಫ್ಯೂಸು ಹೋಗಿರಲಿಲ್ಲ, ನೀರು ಸೋರಿರಲಿಲ್ಲ. ಎಲ್ಲ ಸರಿಯಾಗಿತ್ತು. ಎಲ್ಲ ಸರಿಯಾಗಿದ್ದೂ ಕೆಟ್ಟಿರುವುದು ಏನು ಎಂದು ಬೆಪ್ಪಾಗಿ ಗಾಡಿಯ ಎದುರು ನಿಂತಳು. ಮುಖಕ್ಕೆ ಬಿಸಿಗಾಳಿ ಹೊಡೆಯುತ್ತಿತ್ತು. ಹಣೆಯ ಮೇಲಿನ ಕೂದಲು ಹಿಂದಕ್ಕೆ ಹಾರುತ್ತಿತ್ತು.

ಹಾಗೇ ನಿಂತಿದ್ದವಳಿಗೆ ನಾದಿನಿಗೆ ತಾನು ಹೇಳಿದ ಮಾತು ನೆನಪಿಗೆ ಬಂತು. ಗೋಡೆಗೆ ಗಾಳಿ ಹಾಕುವ ಫ್ಯಾನು. ಈ ಫ್ಯಾನು ಗಾಳಿ ಹಾಕುತ್ತಿರುವುದು ಇಂಜಿನ್ನಿಗಲ್ಲ, ತನಗೆ. ಗಾಡಿ ಓಡಿದಾಗ ರಸ್ತೆಯ ಗಾಳಿ ಮುಂದಿನಿಂದ ಒಳಗೆ ನುಗ್ಗುತ್ತದೆ, ಫ್ಯಾನು ಹಿಂದಿನಿಂದ ಅದನ್ನು ಹೊರಗೆ ದಬ್ಬುತ್ತದೆ. ಎರಡೂ ರೇಡಿಯೇಟರಿನ ನಡುವೆ ಎದುರುಬದುರಾಗಿ ನಿಂತು ಜಗಳವಾಡುತ್ತಿವೆ, ಗಾಳಿ ಎತ್ತಲೂ ಹೋಗುತ್ತಿಲ್ಲ. ಮೊದಲು ಕೂಡಿಸಿದ್ದೇ ಸರಿಯಾಗಿತ್ತು. ಅದನ್ನು ಕಿತ್ತು ತಪ್ಪು ಮಾಡಿದ್ದು ತಾನು. ಅವಳಿಗೆ ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು. ಹಿಂದೆ ಬೀಸುತ್ತಿದ್ದವನ ಕಡೆ ನೋಡಲು ಆಗಲಿಲ್ಲ.

ಫ್ಯಾನು ನಿಲ್ಲುವವರೆಗೆ ಕಾದು, ಎರಡು ಪಿನ್ನು ಕಿತ್ತು ತಿರುಗಿಸಿ ಚುಚ್ಚಿದಳು. ಅದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಮಿಕ್ಕ ಹೊತ್ತೆಲ್ಲ ಇಂಜಿನ್ ತಣಿಯಲು, ಆಮೇಲೆ ಬಟ್ಟೆ ಸುತ್ತಿ ಮುಚ್ಚಳ ತೆಗೆದು ನೀರು ತುಂಬಲು. ಗಂಡನ ಕ್ಯಾನು ಪೂರ್ತಿ ಖಾಲಿಯಾಯಿತು. ಮರಿಗಳಲ್ಲಿ ಕೆಲವು ಬಾಯಿ ತೆರೆದಿದ್ದವು. ಇಬ್ಬರೂ ಎರಡು ಕಡೆಯಿಂದ ಬೀಸಿದರು. ಹೊರಡುವಾಗ ಇಪ್ಪತ್ತೈದು ನಿಮಿಷ ಆಗಿತ್ತು.

ಆಮೇಲೆ ಏರಿನಲ್ಲೂ ಮುಳ್ಳು ನಡು ಬಿಟ್ಟು ಕದಲಲಿಲ್ಲ. ಮೂರು ಫಾರ್ಮಿನಲ್ಲೂ ಪೆಟ್ಟಿಗೆ ಇಳಿಸಿದರು. ಸತ್ತ ಮರಿ ಎರಡು. ಅಷ್ಟು ಯಾವ ಲೋಡಿನಲ್ಲೂ ಇದ್ದದ್ದೇ.

ವಾಪಸು ಬರುವಾಗ ಅವಳು ಕೇಳಿದಳು: “ಚೀಟಿ ಎಲ್ಲಿದೆ?”

“ಇಲ್ಲೇ ಇದೆ.” ಅವನು ಜೇಬು ಮುಟ್ಟಿಕೊಂಡ. “ಮರಿಗೆ ಏನೂ ಆಗಿಲ್ವಲ್ಲ. ದಾರೀಲಿ ಯಾರೂ ನೋಡೂ ಇಲ್ಲ” ಎಂದ.

ಅವಳು ಗಾಡಿಯನ್ನು ಎರಡು ತಿರುವು ದಾಟಿಸಿದಳು. ಕಿಟಕಿಯ ಪಕ್ಕದ ಆ ಕುರ್ಚಿ, ಅದರ ಕೈಯ ಮೇಲಿನ ಸವೆದ ಬಣ್ಣ ಸಮೇತ ಅವಳ ಕಣ್ಣ ಮುಂದಿತ್ತು.

“ಬರೀರಿ” ಎಂದಳು. “ನನ್ನ ಕೈಯೆಲ್ಲ ಮಸಿ. ಇಪ್ಪತ್ತೈದು ನಿಮಿಷ. ಫ್ಯಾನು ಉಲ್ಟಾ ಸುತ್ತಿದ್ದು ಅಂತ ಬರೀರಿ.”

ಅವನು ಚೀಟಿಯನ್ನು ಮಂಡಿಯ ಮೇಲಿಟ್ಟುಕೊಂಡು, ಗಾಡಿಯ ಕುಲುಕಾಟದಲ್ಲಿ, ಬಹಳ ಹೊತ್ತು ಬರೆದ. ಬರೆದು ಮಡಿಸಿ ಅವಳ ಮುಂದಿಟ್ಟ.

ಹ್ಯಾಚರಿಯ ಕಚೇರಿ ಒಂದೇ ಕೋಣೆ. ಒಂದು ಮೇಜು, ಮೊಟ್ಟೆಯ ಖಾಲಿ ತಟ್ಟೆಗಳ ಗೋಪುರ, ಎಲ್ಲದರ ಮೇಲೂ ಮರಿಗಳ ಹಳದಿ ತುಪ್ಪಳ. ಗಂಡ ಗಾಡಿಯ ಹತ್ತಿರವೇ ಉಳಿದ. ಸೂಪರ್‌ವೈಸರು ಚೀಟಿ ಬಿಚ್ಚಿ, ಕನ್ನಡಕ ಏರಿಸಿ ಓದಿದ. ಮೊದಲು ಅವನ ಹುಬ್ಬು ಗಂಟಿಕ್ಕಿತು. ಆಮೇಲೆ ಸಣ್ಣಗೆ ನಕ್ಕ.

“ಇದೇನಕ್ಕಾ, ಗಾಡಿ ಕೆಲಸಾನ ದರ್ಜಿ ಕೈಗೆ ಕೊಟ್ಟಿದ್ದೀರಿ?”

“ಏನು?”

ಅವನು ಚೀಟಿಯನ್ನು ಅವಳ ಕಡೆ ತಿರುಗಿಸಿದ. ಅಂಗಿಯ ಅಳತೆ ಬರೆಯುವ ಅದೇ ದುಂಡು ಅಕ್ಷರ. ಇಪ್ಪತ್ತೈದು ನಿಮಿಷ. ಕಾರಣ: ಫ್ಯಾನು ಉಲ್ಟಾ ಸುತ್ತಿತು. ಯಾರಿಂದ ಎನ್ನುವಲ್ಲಿ: ತಂತಿ ಅದಲು ಬದಲು ಮಾಡಿದ್ದು ನಾನು, ಡ್ರೈವರಿನ ಗಂಡ. ಡ್ರೈವರು ಬೇಡವೆಂದರೂ ಕೇಳಲಿಲ್ಲ. ತಪ್ಪು ಹುಡುಕಿ ಸರಿ ಮಾಡಿದ್ದು ಡ್ರೈವರು.

“ನಿಮ್ಮ ತಪ್ಪಲ್ವಲ್ಲ, ಈ ಸಲಕ್ಕೆ ಇದನ್ನ ಲೆಕ್ಕಕ್ಕೆ ಹಿಡಿಯಲ್ಲ ಬಿಡಿ” ಎಂದ ಸೂಪರ್‌ವೈಸರು. “ಯಜಮಾನರಿಗೆ ಮಾತ್ರ ಹೇಳಿ, ಇನ್ನು ಮೇಲೆ ಗಾಡಿ ಮುಟ್ಟಬೇಡಿ ಅಂತ. ನಾಳೆ ಲೋಡಿಗೆ ಬನ್ನಿ.”

ಸುತ್ತು ಉಳಿದಿತ್ತು. ಎದ್ದು ಬಂದರೆ ಸಾಕಿತ್ತು. ಅವಳು ಏಳಲಿಲ್ಲ. ಆ ಮನುಷ್ಯನಿಗೆ ಹೊಲಿಗೆಯಲ್ಲಿ ಒಂದು ನೂಲು ತಪ್ಪಿದರೆ ಮೂರು ದಿನ ನಿದ್ದೆ ಬರುವುದಿಲ್ಲ. ಅಂಥವನು ಮಾಡದ ತಪ್ಪಿಗೆ ಹೆಸರು ಹಾಕಿಕೊಟ್ಟಿದ್ದ.

ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. ಕೆಂಪು ಶಾಯಿಯದು, ಸೂಪರ್‌ವೈಸರು ಟಿಕ್ಕು ಹಾಕುವ ಪೆನ್ನು. ಆ ದುಂಡು ಅಕ್ಷರಗಳ ಮೇಲೆ ಒಂದು ಗೀಟೆಳೆದು, ಕೆಳಗೆ ಬರೆದಳು: ಅವರು ಬೇಡ ಅಂದಿದ್ದರು, ಅದಲು ಬದಲು ಮಾಡಿದ್ದು ನಾನು.

ಸೂಪರ್‌ವೈಸರು ಚೀಟಿಯನ್ನು ನೋಡಿದ, ಅವಳನ್ನು ನೋಡಿದ. “ಅಕ್ಕಾ, ಹಿಂಗೆ ಬರೆದ್ರೆ ಇದು ಮೂರನೇದಾಗುತ್ತೆ.”

“ಗೊತ್ತು.”

“ಗೊತ್ತಿದ್ದೂ ಬರೀತೀರಲ್ಲ.”

“ಆದದ್ದು ಹಾಗೆ. ಇನ್ನೇನು ಬರೀಲಿ?”

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಎಷ್ಟು ಮರಿ ಸತ್ತವು ಎಂದು ಕೇಳಿದ. ಎರಡು ಎಂದಳು. ಈಗ ಏರಿನಲ್ಲಿ ಕಾಯುವುದಿಲ್ಲವೇ ಎಂದು ಕೇಳಿದ. ಇಲ್ಲ ಎಂದಳು. ಅವನು ಎದ್ದು ಕಿಟಕಿಯಿಂದ ಗಾಡಿಯನ್ನು ಒಂದು ಸಲ ನೋಡಿ ಬಂದು ಕೂತ.

“ಗಂಡ ಮಾಡಿದ್ದಾಗಿದ್ರೆ ಇನ್ನೊಂದ್ಸಲ ಮಾಡ್ತಾರೆ ಅಂತ ನಂಗೂ ಒಳಗೊಳಗೇ ಭಯ ಇತ್ತು” ಎಂದ ನಿಧಾನವಾಗಿ. “ನೀವಾದ್ರೆ ಇನ್ನು ಮಾಡಲ್ಲ. ಒಂದು ತಿಂಗಳು ನೋಡ್ತೀನಿ. ಅಷ್ಟರಲ್ಲಿ ನಿಂತ್ರೆ ಆಮೇಲೆ ನನ್ನ ಕೇಳಬೇಡಿ. ನಾಳೆ ಬನ್ನಿ.”

ಅವಳು ಹೊರಗೆ ಬಂದಳು. ಗಂಡ ಗಾಡಿಯ ಮುಂದೆ ನಿಂತಿದ್ದ. ಇಂಜಿನ್ ಆರಿದ್ದರೂ ಫ್ಯಾನು ಇನ್ನೂ ಸುತ್ತುತ್ತಿತ್ತು. ಎಲ್ಲಿಂದಲೋ ಹಾರಿಬಂದ ಮರಿಯ ಹಳದಿ ತುಪ್ಪಳವೊಂದು ಹೋಗಿ ಜಾಲರಿಗೆ ಅಂಟಿಕೊಂಡಿತ್ತು. ಅವನು ಅದನ್ನೇ ನೋಡುತ್ತಿದ್ದವನು ಅವಳ ಹೆಜ್ಜೆ ಕೇಳಿ ತಿರುಗಿದ. ಕೇಳಲೂ ಹೆದರಿಕೆ, ಕೇಳದಿರಲೂ ಆಗದು.

“ಏನಂದ್ರು?”

ಅವಳು ಬಾಗಿಲು ತೆರೆದು ಒಳಗೆ ಕೂತು, ಕೈಯ ಮಸಿಯನ್ನು ಬಟ್ಟೆಯ ಚೂರಿಗೆ ಒರೆಸಿದಳು.

“ನೀವು ಇನ್ನು ಮೇಲೆ ಗಾಡಿ ಮುಟ್ಟಬಾರದಂತೆ. ನಾಳೆ ಲೋಡಿಗೆ ಬಾ ಅಂದ್ರು.”

ಅವನ ಮುಖ ಅರಳಿತು. ಅರಳಿದ್ದನ್ನು ಮುಚ್ಚಲು ಗಂಭೀರವಾಗಿ ತಲೆ ತಗ್ಗಿಸಿ, “ಆಯ್ತು, ಮುಟ್ಟಲ್ಲ” ಎಂದ. ತನ್ನ ಸುಳ್ಳು ನಡೆಯಿತೆಂದು, ಇವಳು ಅದಕ್ಕೆ ಗೀಟೆಳೆಯಲಿಲ್ಲವೆಂದು ಅವನು ಅಂದುಕೊಂಡಿದ್ದ. ಸೀಟಿನಲ್ಲಿ ಎಂದಿಗಿಂತ ಸ್ವಲ್ಪ ಅಗಲವಾಗಿ ಕೂತು ಖಾಲಿ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡ.

ಫ್ಯಾನಕ್ಕ ಅದನ್ನೆಲ್ಲ ನೋಡಿದಳು. ಅವನ ಆ ತಪ್ಪು ನಂಬಿಕೆಯನ್ನು ತಿದ್ದಬಹುದಿತ್ತು, ತಿದ್ದಲು ಒಂದು ಮಾತು ಸಾಕಿತ್ತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಮಾಡದ್ದನ್ನು ಅವಳು ಅವತ್ತು ಮಾಡಿದಳು. ತಪ್ಪೆಂದು ತಿಳಿದೂ ತಿಳಿದೂ ಒಂದು ಪೀಸನ್ನು ಪಾಸು ಮಾಡಿ, ಗೇರು ಹಾಕಿ, ಗಾಡಿಯನ್ನು ರಸ್ತೆಗೆ ತಂದಳು.